ಒಂದೇ ಬೋರ್ಡ್, ಮೂರು ಚಿಪ್: ಡಿವೈಸ್ ಟ್ರೀ ಫೈಲ್‌ಗಳನ್ನು ಹೇಗೆ ಜೋಡಿಸೋದು?

ನಾಲೆದಂಡೆ, ಮಂಡ್ಯ

ಎಲ್ಲರಿಗೂ ನಮಸ್ಕಾರ. ಮಂಡ್ಯದ ನೂರಡಿ ರಸ್ತೆ ಹತ್ತಿರ ಒಂದು ರೂಮಿನಲ್ಲಿ ನಾವಿಬ್ಬರು ಸೇರಿ ಹಳ್ಳಿ ಡೇರಿಗಳ ಹಾಲಿನ ಟ್ಯಾಂಕಿಗೆ ಕಂಟ್ರೋಲರ್ ಮಾಡುತ್ತೇವೆ. ಹಾಲು 4 ಡಿಗ್ರಿಗೆ ಇಳಿಯಿತಾ, ಕರೆಂಟ್ ಎಷ್ಟು ಓಡಿತು ಅಂತ ನೋಡಿಕೊಳ್ಳುವುದು ಅದರ ಕೆಲಸ. ಮೂರು ಮಾದರಿ ಇವೆ. ಚಿಕ್ಕದಕ್ಕೆ ಎಸ್‌ಟಿಎಂ32ಎಂಪಿ151 ಚಿಪ್. ಜನರೇಟರ್ ಇರುವ ಡೇರಿಗೆ ಅದೇ ಸಾಲಿನ 153, ಜನರೇಟರ್ ಜೊತೆ ಮಾತಾಡಲು ಕ್ಯಾನ್ ಬಸ್ ಬೇಕಲ್ಲ. ಪರದೆ ಇರುವುದಕ್ಕೆ 157. ಬೋರ್ಡ್ ಮಾತ್ರ ಒಂದೇ, ಬೇಡದ ಪಾರ್ಟ್ ಕೂರಿಸುವುದಿಲ್ಲ.

ನಾನು ಮೊದಲು 157ಕ್ಕೆ ಡಿಟಿಎಸ್ ಬರೆದೆ, ಅಂದರೆ ಬೋರ್ಡ್‌ನಲ್ಲಿ ಯಾವ ಪಾರ್ಟ್ ಎಲ್ಲಿದೆ ಅಂತ ಲಿನಕ್ಸ್‌ಗೆ ಹೇಳುವ ಡಿವೈಸ್ ಟ್ರೀ ಫೈಲ್. ಅದನ್ನೇ ಎರಡು ಸಲ ಕಾಪಿ ಮಾಡಿ ಬೇಡದ್ದನ್ನು ಅಳಿಸಿದೆ. ಹೋದ ತಿಂಗಳು ಟೇಬಲ್ ಮೇಲಿದ್ದ 157ರಲ್ಲಿ ಕರೆಂಟ್ ಮೀಟರ್ ಉತ್ತರವೇ ಕೊಡಲಿಲ್ಲ. ಮೀಟರ್‌ಗೆ ಹೋಗುವ ಆರ್‌ಎಸ್485 ತಂತಿಯಲ್ಲಿ ಕಳಿಸುವುದು, ಕೇಳುವುದು ಅಂತ ದಿಕ್ಕು ಬದಲಿಸುವ ಪಿನ್‌ಗೆ ಸ್ಕೋಪ್ ಇಟ್ಟರೆ ಗೆರೆ ಚಪ್ಪಟೆ. ಯುಎಆರ್‌ಟಿ (ಸೀರಿಯಲ್ ಪೋರ್ಟ್) ನೋಡ್‌ನಲ್ಲಿ, ಅಂದರೆ ಫೈಲ್‌ನಲ್ಲಿ ಅದಕ್ಕಿರುವ ಭಾಗದಲ್ಲಿ, ‘ಲಿನಕ್ಸ್,ಆರ್‌ಎಸ್485-ಎನೇಬಲ್ಡ್-ಅಟ್-ಬೂಟ್-ಟೈಮ್’ ಅನ್ನುವ ಸಾಲು ಬಿಟ್ಟುಹೋಗಿತ್ತು. ಹಾಕಿದೆ, ಸರಿಹೋಯಿತು. ಆದರೆ 151ರ ಫೈಲಿಗೆ ಹಾಕಲು ಮರೆತೆ. ಪಾಂಡವಪುರದ ಕಡೆ ಒಂದು ಡೇರಿಯಲ್ಲಿ ಚಿಕ್ಕ ಮಾದರಿ 11 ದಿನ ಮೀಟರ್ ರೀಡಿಂಗ್ ಸೊನ್ನೆ ಅಂತಲೇ ಬರೆದುಕೊಂಡಿದೆ. ಅಲ್ಲಿನ ಕಾರ್ಯದರ್ಶಿ ಬಯ್ಯಲಿಲ್ಲ. "ನಿಮ್ಮ ಡಬ್ಬ ನಂಬಿ ನಾವು ಪುಸ್ತಕದಲ್ಲಿ ಬರೆಯೋದು ಬಿಟ್ಟಿದ್ವಿ" ಅಂದರು ಅಷ್ಟೆ. ಆ ಮಾತು ಈಗಲೂ ಚುಚ್ಚುತ್ತಿದೆ.

ಇದನ್ನು ಒಮ್ಮೆ ಸರಿಯಾಗಿ ಮಾಡಬೇಕು. ದೊಡ್ಡ ಚಿಪ್‌ನ ಫೈಲ್ ಇಟ್ಟುಕೊಂಡು ಉಳಿದೆರಡರಲ್ಲಿ ‘ಡಿಲೀಟ್-ನೋಡ್’ ಹಾಕುತ್ತಾ ಹೋಗಲೇ?

ಹೂಟಗಳ್ಳಿ ಬೆಂಚ್, ಮೈಸೂರು

ಬೇಡ, ಖಂಡಿತ ಬೇಡ. ಅಳಿಸುತ್ತಾ ಹೋದರೆ ಏನು ಉಳಿಯಿತು ಅಂತ ಓದುವವರಿಗೆ ಗೊತ್ತಾಗುವುದಿಲ್ಲ. ಚಿಕ್ಕದರಿಂದ ಶುರು ಮಾಡಿ, ಸೇರಿಸುತ್ತಾ ಬನ್ನಿ.

ಲಿನಕ್ಸ್ ಕರ್ನಲ್‌ನಲ್ಲಿ ಇದೇ ಚಿಪ್‌ಗಳಿಗೆ ಹೇಗೆ ಮಾಡಿದ್ದಾರೆ ನೋಡಿ. 151ರ ಡಿಟಿಎಸ್‌ಐ (ಬೇರೆ ಡಿಟಿಎಸ್‌ಗಳು ಒಳಗೆ ಸೇರಿಸಿಕೊಳ್ಳುವ ಫೈಲ್) ತಳಪಾಯ. 153ರದ್ದು ಅದನ್ನು ಇನ್‌ಕ್ಲೂಡ್ ಮಾಡಿ ಎರಡನೇ ಕೋರ್ ಮತ್ತು ಎರಡು ಕ್ಯಾನ್ ಸೇರಿಸುತ್ತದೆ. 157ರದ್ದು 153ನ್ನು ಇನ್‌ಕ್ಲೂಡ್ ಮಾಡಿ ಜಿಪಿಯು (ಗ್ರಾಫಿಕ್ಸ್ ಭಾಗ) ಮತ್ತು ಡಿಎಸ್‌ಐ (ಪರದೆಯ ಸಂಪರ್ಕ) ಸೇರಿಸುತ್ತದೆ. ಹೆಸರಿನ ಕೊನೆಗೆ ಸಿ ಇರುವ ಚಿಪ್‌ನಲ್ಲಿ ಕ್ರಿಪ್ಟೋ (ಡೇಟಾ ಗೂಢಲಿಪಿ ಮಾಡುವ ಭಾಗ) ಇರುತ್ತದೆ, ಅದಕ್ಕೆ ‘15ಎಕ್ಸ್‌ಸಿ’ ಅಂತ ಬೇರೆ ಫೈಲ್. ಪ್ಯಾಕೇಜ್, ಅಂದರೆ ಚಿಪ್‌ನ ಹೊರಕವಚ, ಬದಲಾದರೆ ಪಿನ್‌ಗಳ ಲೆಕ್ಕ ಬದಲಾಗುತ್ತದಲ್ವಾ? 448 ಬಾಲ್‌ನದ್ದಕ್ಕೆ (ಬಾಲ್ ಅಂದರೆ ಚಿಪ್ ಕೆಳಗಿನ ಬೆಸುಗೆ ಗುಂಡು) ಎಎ, 361 ಬಾಲ್‌ನದ್ದಕ್ಕೆ ಎಸಿ, ಹೀಗೆ ಪಿನ್‌ಕಂಟ್ರೋಲ್ ಫೈಲ್‌ಗಳೇ ಬೇರೆ. ಅಂದರೆ ಯಾವ ಚಿಪ್, ಕ್ರಿಪ್ಟೋ ಇದೆಯಾ, ಯಾವ ಪ್ಯಾಕೇಜ್, ಈ ಮೂರನ್ನು ಒಂದಕ್ಕೊಂದು ಗಂಟು ಹಾಕಿಲ್ಲ.

ಚಿಪ್‌ನ ಫೈಲ್‌ಗಳನ್ನು ನೀವು ಮುಟ್ಟಲೇಬೇಡಿ. ನಿಮ್ಮ ಬೋರ್ಡ್‌ನ ಡಿಟಿಎಸ್‌ಐ ಒಂದು ಮಾಡಿ. ಮೀಟರ್, ಟೆಂಪರೇಚರ್ ಸೆನ್ಸರ್, ಪವರ್, ಎಲ್ಲಾ ಮಾದರಿಯಲ್ಲೂ ಇರುವುದು ಅದರಲ್ಲಿರಲಿ. ಆರ್‌ಎಸ್485 ಸಾಲು ಇಡೀ ಪ್ರಾಜೆಕ್ಟ್‌ನಲ್ಲಿ ಒಂದೇ ಕಡೆ ಇರಬೇಕು. ಆಮೇಲೆ ಮೂರು ಪುಟ್ಟ ಡಿಟಿಎಸ್: ಮೊದಲು ಚಿಪ್, ನಂತರ ಪ್ಯಾಕೇಜ್, ನಂತರ ಬೋರ್ಡ್ ಇನ್‌ಕ್ಲೂಡ್, ಕೆಳಗೆ ಆ ಮಾದರಿಗೆ ಮಾತ್ರ ಬೇಕಾದ್ದು. ಚಿಪ್ ಫೈಲ್‌ನಲ್ಲಿ ಕ್ಯಾನ್ ‘ಡಿಸೇಬಲ್ಡ್’ ಅಂತಲೇ ಇರುತ್ತದೆ. ನಿಮ್ಮ 153ರ ಫೈಲ್‌ನಲ್ಲಿ ಅದನ್ನು ‘ಓಕೆ’ ಮಾಡಿ. 151ರಲ್ಲಿ ಕ್ಯಾನ್‌ನ ಲೇಬಲ್ಲೇ ಇಲ್ಲದ್ದರಿಂದ ತಪ್ಪಿ ಬರೆದರೂ ಕಂಪೈಲ್ ಆಗುವುದಿಲ್ಲ. ಹಳ್ಳಿಗೆ ಹೋಗುವ ಮೊದಲೇ, ನಿಮ್ಮ ಟೇಬಲ್ ಮೇಲೇ ಸಿಕ್ಕಿಬೀಳುತ್ತದೆ.

ಇನ್ನೊಂದು. ಜೋಡಿಸಿದ ಮೇಲೆ ಹಳೇ ಡಿಟಿಬಿ (ಕಂಪೈಲ್ ಆದ ಫೈಲ್), ಹೊಸ ಡಿಟಿಬಿ ಎರಡನ್ನೂ ಡಿಟಿಸಿ ಕಂಪೈಲರ್‌ನಿಂದ ವಾಪಸ್ ಡಿಟಿಎಸ್ ಮಾಡಿ, ‘-ಎಸ್’ ಕೊಟ್ಟು ಸಾರ್ಟ್ ಮಾಡಿಸಿ, ಡಿಫ್ ನೋಡಿ. ಪಿ-ಹ್ಯಾಂಡಲ್ ನಂಬರ್ (ಒಂದು ನೋಡ್ ಇನ್ನೊಂದನ್ನು ಗುರುತಿಸುವುದು) ಬದಲಾಗಿರಬಹುದು, ತಲೆ ಕೆಡಿಸಿಕೊಳ್ಳಬೇಡಿ. ಉಳಿದ ಒಂದೊಂದು ವ್ಯತ್ಯಾಸಕ್ಕೂ ನಿಮ್ಮ ಹತ್ತಿರ ಕಾರಣ ಇರಬೇಕು.

ಸರಸ್ವತಿಪುರಂ ಕರ್ನಲ್

ಮೇಲಿನದ್ದಕ್ಕೆ ನನ್ನ ಒಪ್ಪಿಗೆ ಇದೆ. ಆದರೆ ಎಲ್ಲ ವ್ಯತ್ಯಾಸಕ್ಕೂ ಫೈಲ್ ಬೇಕಿಲ್ಲ. ಪಾರ್ಟ್ ತಾನೇ ಹೆಸರು ಹೇಳಿದರೆ ಡ್ರೈವರ್ ಕೇಳಿಕೊಳ್ಳುತ್ತದೆ. ಎಸ್‌ಪಿಐ ಫ್ಲ್ಯಾಶ್ (ಮೆಮೊರಿ ಚಿಪ್) ನೋಡಿ. ಒಂದು ಕಂಪನಿಯದು ಸಿಗದೆ ಇನ್ನೊಂದು ಹಾಕಿದರೂ ‘ಜೆಡೆಕ್,ಎಸ್‌ಪಿಐ-ನಾರ್’ ಅಂತ ಬರೆದರೆ ಸಾಕು. ಚಿಪ್‌ನ ಐಡಿ ಓದಿ ಗಾತ್ರ ತಿಳಿದುಕೊಳ್ಳುತ್ತದೆ.

ಸೆನ್ಸರ್‌ಗಳು ಕೂರುವ ಐ2ಸಿ ಬಸ್ ಹಾಗಲ್ಲ, ಅಲ್ಲಿ ಯಾರಿದ್ದಾರೆ ಅಂತ ನೀವೇ ಹೇಳಬೇಕು. ಬಿಎಂಇ280 ಅಂತ ತರಿಸಿದ್ದ ಸೆನ್ಸರ್‌ಗಳಲ್ಲಿ ನನಗೆ ಕೆಲವು ಬಿಎಂಪಿ280 ಬಂದವು. ಮಾಡ್ಯೂಲ್ ನೋಡಲು ಒಂದೇ ಥರ, ವಿಳಾಸವೂ ಅದೇ. ತೇವಾಂಶ ಅಳೆಯುವುದು ಮಾತ್ರ ಇಲ್ಲ. ಐಡಿ ಓದಿದರೆ ಬಿಎಂಇಗೆ ಹೆಕ್ಸ್ 60, ಬಿಎಂಪಿಗೆ ಹೆಕ್ಸ್ 58. ಈಗ ಪ್ರತಿ ಬೋರ್ಡ್ ಟೆಸ್ಟ್ ಮಾಡುವಾಗ ಮೊದಲು ಅದನ್ನೇ ಓದುತ್ತೇನೆ.

ಹಾಗೇ ಯು-ಬೂಟ್ (ಲಿನಕ್ಸ್‌ಗಿಂತ ಮೊದಲು ಓಡುವ ಬೂಟ್‌ಲೋಡರ್) ಶುರುವಾದಾಗ ಸೀರಿಯಲ್‌ನಲ್ಲಿ ಸಿಪಿಯು ಹೆಸರು ಪೂರ್ತಿ ಬರುತ್ತದೆ, ಗಮನಿಸಿದ್ದೀರಾ? ಚಿಪ್ ಒಳಗೇ ಬರೆದಿರುವುದು ಅದು. ಮೂರೂ ಡಿಟಿಬಿಗಳನ್ನು ಒಂದೇ ಫಿಟ್ ಇಮೇಜ್‌ನಲ್ಲಿ (ಹಲವು ಫೈಲ್‌ಗಳನ್ನು ಕಟ್ಟಿದ ಒಂದು ಫೈಲ್) ಇಟ್ಟು, ಆ ಹೆಸರು ನೋಡಿ ಆರಿಸುವಂತೆ ಮಾಡಿ. ಡೇರಿಗೆ ತಪ್ಪು ಇಮೇಜ್ ಹೋಗುವ ಭಯವೇ ಇರುವುದಿಲ್ಲ.

ನಾಲೆದಂಡೆ, ಮಂಡ್ಯ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಕೂತು ಮಾಡಿದೆ. 151ರ ಡಿಟಿಎಸ್ ಈಗ 20 ಸಾಲು. ಫಿಟ್ ಇಮೇಜ್ ಮುಂದಿನ ವಾರ ಮಾಡುತ್ತೇನೆ.

ಡಿಫ್‌ನಲ್ಲಿ ಆರ್‌ಎಸ್485 ಸಾಲು ಕಾಣುತ್ತದೆ ಅಂತ ಗೊತ್ತಿತ್ತು. ಅದರ ಕೆಳಗೆ ಇನ್ನೊಂದಿತ್ತು. 157ರಲ್ಲಿ ವಾಚ್‌ಡಾಗ್ (ಹ್ಯಾಂಗ್ ಆದರೆ ರೀಸ್ಟಾರ್ಟ್ ಮಾಡುವ ಟೈಮರ್) ‘ಓಕೆ’, ಹಳೇ 151ರಲ್ಲಿ ‘ಡಿಸೇಬಲ್ಡ್’. ಯಾವಾಗಲೋ ಟೆಸ್ಟಿಗೆ ಅಂತ ನಾನೇ ಆಫ್ ಮಾಡಿದ್ದೆ. ಅಂದರೆ ಪಾಂಡವಪುರದ ಡಬ್ಬ ರಾತ್ರಿ ಹೊತ್ತು ಹ್ಯಾಂಗ್ ಆಗಿದ್ದರೆ ತಾನಾಗಿ ಏಳುತ್ತಿರಲಿಲ್ಲ, ಟ್ಯಾಂಕ್ ತುಂಬಾ ಹಾಲು ಇರುವಾಗ. ನಾಳೆ ಬೆಳಗಿನ ಹಾಲು ಬರುವ ಮೊದಲೇ ಹೋಗಿ ಹೊಸದು ಹಾಕಿ ಬರುತ್ತೇನೆ. ಕಾರ್ಯದರ್ಶಿಗೂ ಈಗ ತಾನೇ ಫೋನ್ ಮಾಡಿ ಎರಡೂ ವಿಷಯ ಹೇಳಿದೆ.