ಕೂಲಿ ಏರಿದರೆ ಕೆಲಸ ಹೋಗುತ್ತದೆಯೇ?

ಹರೀಶ ಮಾವ: ಕನಿಷ್ಠ ವೇತನ ಏರಿಸಿದ ಊರಿನಲ್ಲಿ ನಿರುದ್ಯೋಗ ಹೆಚ್ಚುತ್ತದೆ ಎಂದು ನಮ್ಮ ಮನೆಯವರ ಗುಂಪಿಗೆ ನಾನು ಹಾಕಿದ ಸಂದೇಶವನ್ನು ಎಲ್ಲರೂ ಓದಿ. ಆ ಮಾತಿಗೆ ನಮ್ಮ ಬೀಡಿಯೇ ಸಾಕ್ಷಿ. 1968ರಲ್ಲಿ ಕೇರಳವು ಬೀಡಿ ಕಾರ್ಮಿಕರ ಕಾಯ್ದೆಯನ್ನು ಜಾರಿಗೆ ತಂದಾಗ ಮಂಗಳೂರಿನ ಮಾಲೀಕರು ಕಣ್ಣೂರಿನ ಶಾಖೆಗಳನ್ನು ಮುಚ್ಚಿ ಬಂದರು, ಸಾವಿರಾರು ಜನ ಕೆಲಸ ಕಳೆದುಕೊಂಡರು.

ವಿದ್ಯಾ: ಅದು ನಡೆದದ್ದು ನಿಜ, ಮಾವ. ಆದರೆ ಮಡಿಲಲ್ಲಿ ಗೆರಸೆ ಇಟ್ಟುಕೊಂಡು ಮನೆಯಲ್ಲೇ ಕಟ್ಟುವ ಬೀಡಿಗೆ ಯಂತ್ರವೂ ಬೇಡ, ಕಟ್ಟಡವೂ ಬೇಡ. ಎಲೆಯನ್ನೂ ಹೊಗೆಸೊಪ್ಪನ್ನೂ ಗಡಿಯಾಚೆಗೆ ಸಾಗಿಸಿದರೆ ಮುಗಿಯಿತು. ಒಂದು ರಾಜ್ಯ ಮಾತ್ರ ಮುಂದಾದರೆ ಇಂಥ ಕೆಲಸ ಪಕ್ಕದ ಊರಿಗೆ ಹೋಗುತ್ತದೆ ಎಂಬುದಷ್ಟೇ ಇದರಿಂದ ತಿಳಿಯುತ್ತದೆ, ಹಾಗಾಗಿ ಇದು ಎಲ್ಲ ಕಡೆಗೂ ಅನ್ವಯವಾಗುವ ವೇತನ ಬೇಕೆನ್ನುವ ನನ್ನ ಮಾತನ್ನೇ ಗಟ್ಟಿ ಮಾಡುತ್ತದೆ. ಹಾಗೆ ಕೆಲಸ ಕಳೆದುಕೊಂಡವರಿಗಾಗಿ 1969ರಲ್ಲಿ ಹುಟ್ಟಿದ ದಿನೇಶ್ ಬೀಡಿ ಸಹಕಾರ ಸಂಘವು ಅದೇ ಕಣ್ಣೂರಿನಲ್ಲಿ ಹೆಚ್ಚು ಕೂಲಿ ಕೊಟ್ಟು ದಶಕಗಳ ಕಾಲ ನಡೆಯಿತು.

ಶ್ರೀಧರ ಭಾವ: ದೇಶದ ನಿರುದ್ಯೋಗ 2017-18ರಲ್ಲಿ ಶೇ. 6.1 ಇದ್ದದ್ದು 2023-24ರಲ್ಲಿ ಶೇ. 3.2ಕ್ಕೆ ಇಳಿದಿದೆ. ಹೀಗಿರುವಾಗ ಕೂಲಿಯ ವಿಷಯಕ್ಕೆ ಸರಕಾರ ಕೈಹಾಕುವ ಅಗತ್ಯವೇನು, ವಿದ್ಯಾ?

ವಿದ್ಯಾ: ಭಾವ, ಆ ಲೆಕ್ಕದಲ್ಲಿ ಕೆಲಸ ಹುಡುಕುವವರು ಇಲ್ಲವೇ ಈಗ ಸಿಗುವ ಕೂಲಿಗೆ ದುಡಿಯಲು ಸಿದ್ಧರಿರುವವರು ಮಾತ್ರ ನಿರುದ್ಯೋಗಿಗಳು. ಸಿಗುವ ಕೂಲಿ ಬಸ್ ಚಾರ್ಜಿಗೂ ಮಗುವನ್ನು ನೋಡಿಕೊಳ್ಳುವವರಿಗೂ ಸಾಲದೆಂದು ಮನೆಯಲ್ಲೇ ಉಳಿದ ಹೆಂಗಸು ಅದರೊಳಗೆ ಬರುವುದೇ ಇಲ್ಲ. ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರಕಾರಿ ಬಸ್ಸಿಗೆ ಮಾತ್ರ. ಖಾಸಗಿ ಬಸ್ಸುಗಳನ್ನೇ ನಂಬಿರುವ ನಮ್ಮ ಊರುಗಳಿಂದ ಗೇರುಬೀಜದ ಕಾರ್ಖಾನೆಗೆ ಹೋಗುವವರು ದಿನಾ ಕೈಯಿಂದ ದುಡ್ಡು ಕೊಡಬೇಕು. ಕೂಲಿ ಏರಿದರೆ ಇಂಥವರು ಕೆಲಸ ಕೇಳಿಕೊಂಡು ಹೊರಗೆ ಬರುತ್ತಾರೆ. ಎಲ್ಲರಿಗೂ ಕೂಡಲೇ ಕೆಲಸ ಸಿಗದಿದ್ದರೆ, ಒಬ್ಬರ ಕೆಲಸವೂ ಹೋಗದೆಯೇ ಜಿಲ್ಲೆಯ ನಿರುದ್ಯೋಗದ ಪ್ರಮಾಣ ಏರಿದಂತೆ ಕಾಣುತ್ತದೆ. ನೀವು ಹೇಳಿದ ಅವಧಿಯಲ್ಲೇ ಕೆಲಸ ಮಾಡುವ ಇಲ್ಲವೇ ಕೆಲಸ ಹುಡುಕುವ ಮಹಿಳೆಯರ ಪ್ರಮಾಣ ಶೇ. 23.3ರಿಂದ 41.7ಕ್ಕೆ ಏರಿದೆಯಾದರೂ, ಅದರ ದೊಡ್ಡ ಪಾಲು ಸ್ವಂತ ದುಡಿಮೆ ಮತ್ತು ಸಂಬಳವಿಲ್ಲದೆ ಮನೆಯ ಕಸುಬಿಗೆ ನೆರವಾಗುವುದು. ಇದು ನನಗೆ ನಿಜಕ್ಕೂ ನೋವಿನ ಸಂಗತಿ.

ಹರೀಶ ಮಾವ: ಮಾಲೀಕನ ಕೈಯಲ್ಲಿ ಹಣವಿಲ್ಲದಿದ್ದರೆ ಆಳುಗಳನ್ನು ಕಡಿಮೆ ಮಾಡದೆ ಇನ್ನೇನು ಮಾಡುತ್ತಾನೆ?

ವಿದ್ಯಾ: ಎಲ್ಲ ಕಡೆ ಹಾಗಾಗುವುದಿಲ್ಲ, ಮಾವ. ಅಮೆರಿಕದ ನ್ಯೂಜೆರ್ಸಿ ರಾಜ್ಯವು 1992ರಲ್ಲಿ ಗಂಟೆಯ ಕನಿಷ್ಠ ವೇತನವನ್ನು 4.25 ಡಾಲರಿನಿಂದ 5.05ಕ್ಕೆ ಏರಿಸಿತು. ಅರ್ಥಶಾಸ್ತ್ರಜ್ಞರಾದ ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಅಲ್ಲಿನ ಫಾಸ್ಟ್‌ಫುಡ್ ಅಂಗಡಿಗಳನ್ನು, ವೇತನ ಏರಿಸದಿದ್ದ ಪಕ್ಕದ ರಾಜ್ಯ ಪೆನ್ಸಿಲ್ವೇನಿಯದ ಅಂಗಡಿಗಳೊಂದಿಗೆ ಹೋಲಿಸಿ ನೋಡಿದಾಗ ಕೆಲಸ ಕಡಿಮೆಯಾದದ್ದು ಕಾಣಲಿಲ್ಲ. ಊರಿಗೆ ಒಬ್ಬಿಬ್ಬರೇ ಮಾಲೀಕರಿರುವಲ್ಲಿ ಕೆಲಸಗಾರರಿಗೆ ಬೇರೆ ದಾರಿಯಿಲ್ಲದೆ ಕೂಲಿ ಮೊದಲೇ ತಗ್ಗಿರುತ್ತದೆ, ಆದ್ದರಿಂದ ಏರಿಸಲು ಅವಕಾಶವೂ ಇರುತ್ತದೆ. ಸಣ್ಣ ಹೋಟೆಲಿನವರ ಕಷ್ಟವನ್ನು ನಾನು ಅಲ್ಲಗಳೆಯುವುದಿಲ್ಲ. ಅವರಿಗೆ ಪೆಟ್ಟು ಬೀಳುವುದು ವರ್ಷಗಟ್ಟಲೆ ಸುಮ್ಮನಿದ್ದು ಒಮ್ಮೆಲೇ ಏರಿಸಿದಾಗ. ಐದು ವರ್ಷದೊಳಗೆ ವೇತನವನ್ನು ಪರಿಷ್ಕರಿಸಬೇಕೆಂದು 1948ರ ಕನಿಷ್ಠ ವೇತನ ಕಾಯ್ದೆಯಲ್ಲೇ ಇತ್ತು. ಆ ಗಡುವನ್ನು ಪಾಲಿಸಿರೆಂದು ಸರಕಾರವನ್ನು ಕೇಳುವುದಾದರೆ ನಿಮ್ಮ ಜೊತೆ ನಾನೂ ಸಹಿ ಹಾಕುತ್ತೇನೆ.