ಮಕ್ಕಳ ಜೊತೆ ವಾರಾಂತ್ಯದ ಧ್ಯಾನ ಶಿಬಿರಕ್ಕೆ ಹೋಗಬಹುದಾ?

ಪ್ರಶ್ನೆ: ಶನಿವಾರ, ಭಾನುವಾರದ ಧ್ಯಾನ ಶಿಬಿರಕ್ಕೆ ಮನೆಮಂದಿಯೆಲ್ಲ ಹೋಗಬೇಕು ಅಂತ ಆಸೆ. ಮಗಳಿಗೆ 6 ವರ್ಷ, ಒಂದು ಕಡೆ ಕೂರುವವಳಲ್ಲ. ಬೇರೆ ಕುಟುಂಬಗಳ ಜೊತೆ ಒಡನಾಟ ಬೆಳೆಯಬೇಕು, ನನಗೆ ಅದೇ ಮುಖ್ಯ. ಯಾರಾದರೂ ಹೋಗಿದ್ದೀರಾ?

ಉತ್ತರ 1: ಖಂಡಿತ ಹೋಗಿ. ಆದರೆ ಪೂರ್ತಿ ಮೌನದ ಶಿಬಿರ ಬೇಡ. 10 ದಿನದ ವಿಪಶ್ಶನ ಶಿಬಿರದಲ್ಲಿ ಹತ್ತನೇ ದಿನದ ಬೆಳಗಿನವರೆಗೂ ಜೊತೆಯವರ ಹತ್ತಿರ ಮಾತಾಡುವಂತಿಲ್ಲ, ಅದು ದೊಡ್ಡವರಿಗೆ. ವಿಯೆಟ್ನಾಂನ ಬೌದ್ಧ ಗುರು ಥಿಚ್ ನಾತ್ ಹಾನ್ 1982ರಲ್ಲಿ ಫ್ರಾನ್ಸಿನಲ್ಲಿ ಶುರುಮಾಡಿದ ಪ್ಲಮ್ ವಿಲೇಜ್ ಧ್ಯಾನ ಕೇಂದ್ರದ ಪದ್ಧತಿ ನೋಡಿ. ಮಕ್ಕಳಿಗೆ ಅಂತಲೇ ಕಲ್ಲಿನ ಧ್ಯಾನ ಇದೆ. ನಾಲ್ಕು ನುಣುಪು ಕಲ್ಲು, ಒಂದೊಂದೂ ಒಂದೊಂದರ ಗುರುತು: ಹೂವು, ಬೆಟ್ಟ, ತಿಳಿನೀರು, ಬಯಲು. ಒಂದೊಂದನ್ನೇ ಅಂಗೈಯಲ್ಲಿಟ್ಟುಕೊಂಡು ಮೂರು ಸಲ ಉಸಿರಾಡಬೇಕು. ನನ್ನ ಮಗ ಕಲ್ಲು ಬೆಚ್ಚಗಾಗುವವರೆಗೂ ಮುಷ್ಟಿ ಬಿಡುವುದಿಲ್ಲ!

ಉತ್ತರ 2: ಅಡುಗೆ ಕೆಲಸ ಹಂಚಿಕೊಳ್ಳುವ ಶಿಬಿರ ಸಿಕ್ಕರೆ ಬಿಡಬೇಡಿ. ಧ್ಯಾನದ ಹಾಲ್‌ಗಿಂತ ತರಕಾರಿ ಹೆಚ್ಚುವಾಗಲೇ ನಮಗೆ ಜನ ಜಾಸ್ತಿ ಹತ್ತಿರವಾದರು. ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ, ಆಟಕ್ಕೆ ಬಿಡುವು ಇದೆಯಾ ಅಂತ ಮೊದಲೇ ಕೇಳಿ.

ಪ್ರಶ್ನೆ ಕೇಳಿದವರು: ಥ್ಯಾಂಕ್ಸ್. ರಾತ್ರಿ ಮಗಳು ಎದ್ದು ಅತ್ತರೆ ಬೇರೆಯವರಿಗೆ ತೊಂದರೆ ಅಲ್ವಾ?

ಉತ್ತರ 1: ಅಲ್ಲಿರುವವರೆಲ್ಲ ಅಪ್ಪ ಅಮ್ಮಂದಿರೇ, ಯೋಚನೆ ಬಿಡಿ. ಅವಳದೇ ಹೊದಿಕೆ ತೆಗೆದುಕೊಂಡು ಹೋಗಿ.