ಮೊದಲ ಸಿ ಪ್ರೋಗ್ರಾಂ, ಅಪ್ಪನ ಕೈಲೆಕ್ಕಕ್ಕಿಂತ ನಿಧಾನ!

ಪ್ರಶ್ನೆ, ಬ್ಯಾಡಗಿಯಿಂದ:
ನಮ್ಮದು ಮೆಣಸಿನಕಾಯಿ ದಲಾಲಿ ಅಂಗಡಿ. ಲಾಟ್ ನಂಬರ್, ತೂಕ, ದರ ಎಲ್ಲ ಒಂದೇ ಫೈಲಿನಲ್ಲಿದೆ. ಅದನ್ನು ಒಂದೇ ಸ್ಟ್ರಿಂಗಿಗೆ (ಅಕ್ಷರಗಳ ಸಾಲಿಗೆ) ಓದಿಕೊಂಡು, ಒಂದೊಂದೇ ಅಕ್ಷರಕ್ಕೆ ಸುತ್ತುವ ಫಾರ್ ಲೂಪಿನಲ್ಲಿ ಅಲ್ಪವಿರಾಮ ತೆಗೆದು ಸ್ಪೇಸ್ ಹಾಕುತ್ತೇನೆ. ಕೊನೆಗೆ ಒಟ್ಟು ಮೊತ್ತ ಕೂಡಿಸುತ್ತೇನೆ. ಲೂಪಿನ ಷರತ್ತು: ಎಷ್ಟನೇ ಅಕ್ಷರ ಎಂದು ಎಣಿಸುವ ಐ, ಸ್ಟ್ರಿಂಗಿನ ಉದ್ದ ಅಳೆದು ಹೇಳುವ ಸ್ಟ್ರ್‌ಲೆನ್‌ಗಿಂತ ಕಡಿಮೆ. ನೂರು ಲಾಟಿಗೆ ಥಟ್ಟನೆ ಮುಗಿಯುತ್ತದೆ. ಇಡೀ ಸೀಸನ್ನಿನ ಫೈಲ್ ಕೊಟ್ಟರೆ ಚಹಾ ಕುಡಿದು ಬರಬಹುದು. ಅಪ್ಪ ನಗುತ್ತಾರೆ.

ಉತ್ತರ, ಧಾರವಾಡದಿಂದ:
ತಮ್ಮಾ, ಆ ಷರತ್ತೇ ಕಳ್ಳ. ಸಿ ಸ್ಟ್ರಿಂಗಿಗೆ ತನ್ನ ಉದ್ದ ಗೊತ್ತಿರಲ್ಲ. ಸ್ಟ್ರ್‌ಲೆನ್ ಪ್ರತಿ ಸುತ್ತಿನಲ್ಲೂ ಕೊನೆ ಎಂದು ತೋರಿಸುವ ಸೊನ್ನೆ ಸಿಗುವ ತನಕ ಹುಡುಕುತ್ತದೆ. 20 ಲಕ್ಷ ಅಕ್ಷರವಿದ್ದರೆ 4 ಲಕ್ಷ ಕೋಟಿ ಅಕ್ಷರ ನೋಡಿದ ಹಾಗೆ! ನೀನು ಸ್ಟ್ರಿಂಗನ್ನೇ ತಿದ್ದುತ್ತಿರುವುದರಿಂದ ಕೋಡನ್ನು ಯಂತ್ರಭಾಷೆಗೆ ಬದಲಿಸುವ ಕಂಪೈಲರ್ ಕೂಡ ಕಾಪಾಡುವುದು ಕಷ್ಟ. ಉದ್ದವನ್ನು ಲೂಪಿಗೆ ಮೊದಲೇ ಒಮ್ಮೆ ಅಳೆದಿಡು.

ಉತ್ತರ, ಹುಬ್ಬಳ್ಳಿಯಿಂದ:
ಮೊತ್ತವನ್ನು ದಶಮಾಂಶ ಸಂಖ್ಯೆ ಇಡುವ ಫ್ಲೋಟ್‌ನಲ್ಲಿ ಕೂಡಿಸುತ್ತಿದ್ದೀರಾ? 1,67,77,216 ಮುಟ್ಟಿದರೆ ಒಂದೊಂದು ರೂಪಾಯಿ ಕೂಡಿಸಿದ್ದೂ ಸುಮ್ನೆ ಮಾಯ. ದೊಡ್ಡ ಪೂರ್ಣಾಂಕ ಇಡುವ ಲಾಂಗ್ ಲಾಂಗ್‌ನಲ್ಲಿ ಪೈಸೆ ಲೆಕ್ಕ ಇಡಿ.

ಬ್ಯಾಡಗಿ:
ಎಂಟರ್ ಒತ್ತಿದ ತಕ್ಷಣ ಬಂತು, ಅಣ್ಣಾ! ಆದರೆ ಮೊತ್ತ ಅಪ್ಪನ ಲೆಕ್ಕಕ್ಕಿಂತ 3 ರೂಪಾಯಿ ಕಡಿಮೆ. ಫ್ಲೋಟೇ ಇತ್ತು.